ನಾಲ್ಕೂ ಚಕ್ರಗಳು ಸುಸ್ಥಿತಿಯಲ್ಲಿವೆ ಎಂದು ಬರೆದವರಿಗೆ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನೀವು ಬರೆದ ಎರಡು ಸಾಲುಗಳಿಂದಾಗಿ ನನ್ನ ಹೆಂಡತಿಯ ತಮ್ಮ ಜೈಲಿನಲ್ಲಿದ್ದಾನೆ. ‘ವಾಹನದ ನಾಲ್ಕೂ ಚಕ್ರಗಳು ಸುಸ್ಥಿತಿಯಲ್ಲಿವೆ. ಸ್ಟೆಪ್ನಿ ಡಿಕ್ಕಿಯಲ್ಲಿ ಲಭ್ಯವಿದೆ.’ ಸಾಲು ಎರಡು, ಸುಳ್ಳೂ ಎರಡು. ಇಷ್ಟು ಬಿಗಿಯಾಗಿ ಬರೆಯುವ ಕಲೆ ನನಗೆ ಒಲಿದಿಲ್ಲ. ನಾನು ಮಾನ್ವಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು, ವಧೂವರರ ಹೆಸರಿಗೆ ಪ್ರಾಸ ಹೊಂದಿಸಿ ಹೊಟ್ಟೆ ಹೊರೆಯುವವನು. ನನ್ನ ಸುಳ್ಳುಗಳಿಗೆ ‘ಚಿರಂಜೀವಿ ಸೌಭಾಗ್ಯವತಿ’ ಎಂಬ ಮುಚ್ಚಳವಾದರೂ ಇರುತ್ತದೆ. ನಿಮ್ಮದಕ್ಕೆ ಬರೀ ಮೊಹರು.

ಸುಳ್ಳು ಎಂದರೆ ನಿಮಗೆ ಸಿಟ್ಟು ಬರಬಹುದು. ಬರಲಿ. ಆ ಸಿಟ್ಟಿನಲ್ಲಾದರೂ ಕುರ್ಚಿ ಬಿಟ್ಟು ಎದ್ದು ಇನ್ನೊಮ್ಮೆ ಆ ಗಾಡಿಯ ಹತ್ತಿರ ಹೋಗಿ. ಠಾಣೆಯ ಅಂಗಳದಲ್ಲಿ ಮುಂದಿನ ಗಾಜಿಲ್ಲದೆ, ಬಾನೆಟ್ಟಿನ ಮೇಲೆ ನನ್ನ ರಕ್ತ ಕಂದಾಗಿ ಒಣಗಿಸಿಕೊಂಡು ನಿಂತಿದೆ. ಈ ಸಲ ಎಡಗಡೆ ಹೋಗಿ. ಮೊಣಕಾಲು ಮಡಚಿ. ಮುಂದಿನ ಗಾಲಿಯನ್ನೂ ಹಿಂದಿನ ಗಾಲಿಯನ್ನೂ ಒಟ್ಟಿಗೆ ನೋಡಿ. ಒಂದು ಅಣ್ಣ, ಇನ್ನೊಂದು ಅವನ ಬಡಕಲು ತಮ್ಮ. ಅಷ್ಟು ಕಂಡರೆ ಸಾಕು, ಈ ಪತ್ರವನ್ನು ಇಲ್ಲಿಗೇ ಬಿಟ್ಟುಬಿಡಬಹುದು. ಕಾಣದಿದ್ದರೆ ಮುಂದೆ ಓದಿ.

ಈ ಬಹಿರಂಗ ಪತ್ರ ಓದುವ ಎಲ್ಲರಿಗೂ ಕಾರಿಲ್ಲ. ಕಾರಿರುವ ಎಲ್ಲರೂ ಡಿಕ್ಕಿಯ ತಳ ಎತ್ತಿ ನೋಡಿರುವುದೂ ಇಲ್ಲ. ಅವರಿಗಾಗಿ ಹೇಳುತ್ತೇನೆ. ಸ್ಟೆಪ್ನಿಯಲ್ಲಿ ಎರಡು ಬಗೆ. ಒಂದು, ಉಳಿದ ನಾಲ್ಕರ ಅಳತೆಯದೇ ಐದನೆಯ ಗಾಲಿ. ಪಂಕ್ಚರಾದರೆ ಅದನ್ನು ಹಾಕಿ, ಕೈ ಒರೆಸಿಕೊಂಡು, ಏನೂ ಆಗದವರ ಹಾಗೆ ಹೋಗಬಹುದು. ಇನ್ನೊಂದು, ಜಾಗ ಉಳಿಸುವ ಗಾಲಿ. ಅಗಲ ಕಡಿಮೆ, ಎತ್ತರ ಕಡಿಮೆ, ಗಾಳಿ ಮಾತ್ರ ವಿಪರೀತ. ಇದು ತಾತ್ಕಾಲಿಕ, ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರಬೇಡಿ ಎಂದು ಅದರ ಮೈಮೇಲೆಯೇ ಚೀಟಿ ಅಂಟಿಸಿರುತ್ತಾರೆ. ಹತ್ತಿರದ ವರ್ಕ್‌ಶಾಪ್ ಮುಟ್ಟುವವರೆಗೆ ಮಾತ್ರ ಅದರ ಸೇವೆ. ಬೀದಿಗೊಂದು ಟೈರ್ ಅಂಗಡಿ ಇರುವ ಊರಿನಲ್ಲಿ ಇದು ಜಾಣತನವೇ. ಗಾಡಿಯ ತೂಕ ಇಳಿಯುತ್ತದೆ, ಸಾಮಾನಿಗೆ ಜಾಗ ಸಿಗುತ್ತದೆ. ಅದನ್ನು ಸುಟ್ಟುಹಾಕಿ ಎಂದು ನಾನೇನೂ ಹೇಳುತ್ತಿಲ್ಲ. ಆದರೆ ನಮ್ಮ ಸೀಮೆಯಲ್ಲಿ ‘ಹತ್ತಿರ’ ಎಂದರೆ ಎಲ್ಲಿ? ಜಿಲ್ಲೆಯ ನಕಾಶೆಯಲ್ಲಿ ದೇವದುರ್ಗಕ್ಕೂ ರಾಯಚೂರಿಗೂ ನಡುವೆ ಒಂದು ಹೆಬ್ಬೆರಳು ಹಿಡಿಸುತ್ತದೆ. ನೀವು ಆ ನಕಾಶೆಯ ಮೇಲೆ ಗಾಡಿ ಓಡಿಸುವವರು, ನಾವು ರಸ್ತೆಯ ಮೇಲೆ.

ಹಾಗಾದರೆ ಪೂರ್ತಿ ಗಾಲಿಯದನ್ನೇ ಕೊಳ್ಳಬೇಕಿತ್ತು ಎನ್ನುತ್ತೀರಿ. ರಾಯಚೂರಿನ ಷೋರೂಮಿನಲ್ಲಿ ಎರಡೂ ನಮೂನೆಯ ಗಾಡಿ ಪಕ್ಕಪಕ್ಕ ನಿಂತಿದ್ದವು. ನನ್ನ ಜೊತೆ ಹೆಂಡತಿ ಸುನಂದಾ ಇದ್ದಳು, ನನ್ನ ಅಂಗಡಿಯ ಸಾಗಾಟವೆಲ್ಲ ನೋಡಿಕೊಳ್ಳುವ ಅವಳ ತಮ್ಮ ಅಂಬರೀಶನಿದ್ದ. ಸಣ್ಣ ಗಾಲಿಯನ್ನು ಡಿಕ್ಕಿಯಿಂದ ಎತ್ತಿ ನೋಡಿದ ಅಂಬರೀಶ ನಕ್ಕುಬಿಟ್ಟ.

“ಮಾವ, ಇದೇನು ಗಾಲಿನೋ, ಕೂಸಿನ ಬಂಡಿ ಸಾಮಾನೋ? ದೊಡ್ಡದು ಇರೋದ್ನ ತಗೊಳ್ಳೋಣು.”

“ಲಗ್ನಪತ್ರದ ಗಂಟು ಎಲ್ಲಿಡ್ತಿ? ನಿನ್ನ ತೊಡಿ ಮ್ಯಾಲೇನು?” ಎಂದಳು ಸುನಂದಾ.

ಗಾಡಿ ತೋರಿಸುತ್ತಿದ್ದ ದೇವಿಕಾ ಎಂಬ ಹುಡುಗಿ ನನ್ನ ಮುಖ ನೋಡಿ, “ಸರ್, ಸ್ಟೆಪ್ನಿ ಬೇಕಾಗೋದು ವರ್ಷಕ್ಕೊಮ್ಮೆ, ಡಿಕ್ಕಿ ಬೇಕಾಗೋದು ದಿನಕ್ಕೊಮ್ಮೆ” ಎಂದಳು. ಮುಗಿಯಿತು. ಮೂವತ್ತು ಸಾವಿರ ಜನರ ಮದುವೆಗೆ ಪ್ರಾಸ ಕಟ್ಟಿದವನನ್ನು ಒಂದು ಪ್ರಾಸ ಕಟ್ಟಿಹಾಕಿತು. “ಮಾವ ಗಾಡಿ ತಗೊಳ್ಳಿಲ್ಲ, ಪದ ತಗೊಂಡ” ಎಂದು ಅಂಬರೀಶ ದಾರಿಯುದ್ದಕ್ಕೂ ಹಂಗಿಸಿದ. ಕಾಯ್ದೆ ಅದಕ್ಕೆ ಅನುಮತಿ ಕೊಟ್ಟಿದೆ, ಕಂಪನಿ ಮಾರಿದೆ, ನಾನು ಕೊಂಡಿದ್ದೇನೆ. ಅಲ್ಲಿಯವರೆಗೆ ತಪ್ಪು ಯಾರದೂ ಅಲ್ಲ, ಇದ್ದರೆ ನನ್ನ ಕಿವಿಯದು.

ಈ ಬೇಸಿಗೆಯ ಒಂದು ಮಧ್ಯಾಹ್ನ ದೇವದುರ್ಗದಲ್ಲಿ ಒಂದು ಮದುವೆಯ ಪತ್ರಿಕೆ ಮುಟ್ಟಿಸಿ, ಬಾಗಲವಾಡದ ಇನ್ನೊಂದು ಮನೆಗೆ ಹೊರಟೆವು. ಊರು ದಾಟುವ ಮೊದಲೇ ಚೂಪುಗಲ್ಲೊಂದು ಮುಂದಿನ ಎಡಗಾಲಿಯ ಬದಿಯನ್ನು ಸೀಳಿತು. ಅಂಬರೀಶ ಸಣ್ಣ ಗಾಲಿ ಹಾಕಿದ. ಸೀಳಿದ ಗಾಲಿಯನ್ನು ಇಡಲು ಹೋದರೆ, ಬಡಕಲಿಗಾಗಿ ಮಾಡಿದ ಗುಂಡಿಯಲ್ಲಿ ದೊಡ್ಡದು ಕೂರಲೊಲ್ಲದು. ಲಗ್ನಪತ್ರಿಕೆಯ ಗಂಟಿನ ಮೇಲೆಯೇ ಅದನ್ನು ಒಗೆದೆವು. ನೀವು ‘ಲಭ್ಯವಿದೆ’ ಎಂದು ಬರೆದ ಸ್ಟೆಪ್ನಿ ಅದೇ, ಮಾನ್ಯರೇ. ಅದರ ಬದಿಯ ಸೀಳಿನಲ್ಲಿ ನಿಮ್ಮ ನಾಲ್ಕು ಬೆರಳು ಹೋಗುತ್ತವೆ. ದೇವದುರ್ಗದ ಟೈರ್ ಅಂಗಡಿಯವರು ನೋಡಿ, ಬದಿ ಸೀಳಿದರೆ ಪ್ಯಾಚ್ ನಿಲ್ಲುವುದಿಲ್ಲ, ಈ ಅಳತೆಯ ಟೈರ್ ನಮ್ಮಲ್ಲಿಲ್ಲ ಎಂದರು. ಮಾನ್ವಿಯ ನಬೀಸಾಬ್‌ನ ಅಂಗಡಿಯಲ್ಲಿ ಒಂದಿದೆ ಎಂದು ಫೋನಿನಲ್ಲಿ ಗೊತ್ತಾಯಿತು. ದಾರಿಯಲ್ಲೇ ಬಾಗಲವಾಡದ ಪತ್ರಿಕೆ ಮುಟ್ಟಿಸಿ ಅಲ್ಲಿಯವರೆಗೆ ತೆವಳಬೇಕಾಯಿತು.

ತೆವಳುವುದೆಂದರೆ ಏನೆಂದು ಓಡಿಸಿದವನನ್ನು ಕೇಳಿ. ಮುಂದಿನ ಎಡಗಾಲಿ ಗಿಡ್ಡಾದರೆ ಸ್ಟೀರಿಂಗ್ ಎಡಕ್ಕೆ ಜಗ್ಗುತ್ತದೆ. ದೊಡ್ಡ ಗಾಲಿ ಹಾರಿಹೋಗುವ ತಗ್ಗಿನಲ್ಲಿ ಇದು ಮೂಗು ಮುರಿದುಕೊಂಡು ಬೀಳುತ್ತದೆ. ಡಾಂಬರಿನ ಅಂಚು ಬಿಟ್ಟು ಮಣ್ಣಿಗೆ ಇಳಿಸಿದರೆ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಹೀಗಾಗಿ ನಾನು ಎತ್ತಿನ ಬಂಡಿಯ ಗತಿಯಲ್ಲಿ ಹೋಗುತ್ತಿದ್ದೆ. ಆಗ ಅಡ್ಡದಾರಿಯಿಂದ ಮುಂದೆ ಒಂದು ಟ್ರ್ಯಾಕ್ಟರ್ ಬಂತು. ಟ್ರಾಲಿಯ ಮೇಲೆ ಹೊದಿಸಿದ ತಾಡಪತ್ರಿ, ಸಂದುಗಳಿಂದ ನೀರು ಸೋರುತ್ತಿತ್ತು. ಹಸಿ ಮರಳು.

ನಮ್ಮ ಕಡೆಯವರಿಗೆ ಇದರ ರೀತಿ ಗೊತ್ತು. ಹೊಳೆಯಿಂದ ಕದ್ದು ತಂದ ಮರಳಿನ ಟ್ರ್ಯಾಕ್ಟರ್ ಕಂಡರೆ ದಾಟಿ ಮುಂದೆ ಹೋಗಬೇಕು, ಇಲ್ಲವೇ ಗಾಡಿ ನಿಲ್ಲಿಸಿ ಚಹಾ ಕುಡಿಯಬೇಕು. ಹಿಂದೆ ಮಾತ್ರ ಉಳಿಯಬಾರದು. ಹಿಂದೆ ಹಿಂದೆ ಬರುವ ಗಾಡಿ ಎಂದರೆ ಸಾಹೇಬರ ಗಾಡಿ, ಅಥವಾ ಸಾಹೇಬರಿಗೆ ಸುದ್ದಿ ಕೊಡುವವನ ಗಾಡಿ. ನನಗೂ ಗೊತ್ತಿತ್ತು. ದಾಟುವ ಶಕ್ತಿ ಗಾಡಿಗಿರಲಿಲ್ಲ. ನಿಲ್ಲೋಣವೆಂದರೆ ನೆರಳಿಲ್ಲ, ಚಹಾದ ಅಂಗಡಿ ಇಲ್ಲ. ಅದರ ಮೇಲೆ ಅಂಬರೀಶ ಫೋನು ಹಿಡಿದು, ಸಿಗ್ನಲ್ ಸಿಗದೆ, ಗಂಟಲು ಹರಿಯುವ ಹಾಗೆ ಒದರುತ್ತಿದ್ದ.

“ನಬೀಸಾಬ್, ಹಳ್ಳದ ಸೇತುವಿ ದಾಟೀವಿ! ಮುಂದ ಟ್ರ್ಯಾಕ್ಟರ್ ಅದ, ಹಿಂದಿಂದ ಬರಾಕತ್ತೀವಿ! ನೀ ಎಲ್ಲಿಗೂ ಹೋಗಬ್ಯಾಡ, ಮಂದಿನ್ನ ತಯಾರ ಇಡು, ಬಂದ ಕೂಡ್ಲೆ ಬಿಚ್ಚಬೇಕು!”

ಟ್ರ್ಯಾಕ್ಟರಿನ ಕಾವಲಿಗೆಂದು ಬೈಕಿನ ಮೇಲಿದ್ದವನೊಬ್ಬ ನನ್ನ ಕಿಟಕಿಯ ಪಕ್ಕದಲ್ಲೇ ಬರುತ್ತಿದ್ದ. ಅವನು ಇದನ್ನೆಲ್ಲ ಕೇಳಿ, ನನ್ನ ಮುಖ ನೋಡಿ, ಬೈಕನ್ನು ಮುಂದಕ್ಕೆ ಹಾರಿಸಿದ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತು. ಸಲಿಕೆ ಹಿಡಿದವರು ಇಳಿದರು. ಮುಂದಿದ್ದವನ ಹೆಸರು ಮುದುಕಪ್ಪ ಎಂದು ಆಮೇಲೆ ತಿಳಿಯಿತು. ಹೆಸರು ಮುದುಕಪ್ಪ, ತೋಳು ಮಾತ್ರ ಎಳೆಯವು. ಮೊದಲ ಏಟಿಗೆ ಮುಂದಿನ ಗಾಜು ನನ್ನ ತೊಡೆಯ ಮೇಲೆ ಸುರಿಯಿತು.

“ಇಳೀಲೇ ಕೆಳಗ! ಯಾರ ಮಂದಿಲೇ ನೀವು?”

“ಲಗ್ನಪತ್ರ ಕೊಡಾಕ ಬಾಗಲವಾಡಕ್ಕ ಹೊಂಟೀವ್ರಿ...”

“ಲಗ್ನಪತ್ರ ಕೊಡೋರು ಟ್ರ್ಯಾಕ್ಟರಿನ ಕುಂಡಿ ಹಿಡ್ಕೊಂಡು ಯಾಕ ಬರ್ತೀರಲೇ? ಕಾರ್ ಅದ, ಮುಂದ ಹೋಗಾಕ ಏನು ಕಾಲು ಬಿದ್ದಾವೇನು?”

“ಗಾಲಿ ಸಣ್ಣದದ ರೀ. ಎಡಕ್ಕ ಬಂದು ನೋಡ್ರಿ.”

“ಗಾಲಿ ಸಣ್ಣದಂತ! ಒಂದ ಕಾರಿಗೆ ಒಂದು ದೊಡ್ಡ ಗಾಲಿ, ಒಂದು ಸಣ್ಣ ಗಾಲಿ ಇರ್ತಾವೇನಲೇ? ಯಾರಿಗೆ ಹೇಳ್ತಿ ಈ ಕತಿ?”

ಕೊರಳಪಟ್ಟಿ ಹಿಡಿದು ಎಳೆದರು. ಬಾನೆಟ್ಟಿಗೆ ನನ್ನ ಮುಖ ಜಜ್ಜಿದರು, ಹಲ್ಲೊಂದು ನಾಲಗೆಯ ಮೇಲೆ ಉರುಳಿತು. ಅಲ್ಲಿಂದ ರಸ್ತೆಯ ಎಡಬದಿಯ ತಗ್ಗಿಗೆ ಕೆಡವಿದರು. ಸಲಿಕೆಯ ಮರದ ಕಾವು ಪಕ್ಕೆಗೆ ಬಿದ್ದಾಗ ಒಳಗೆ ಒಣಕಟ್ಟಿಗೆ ಮುರಿದ ಸದ್ದಾಯಿತು. ಕೂಗಲು ಬಾಯಿ ತೆರೆದರೆ ಮಣ್ಣು. ಒಬ್ಬ ನನ್ನ ಗಂಟಲ ಮೇಲೆ ಕಾಲಿಟ್ಟ. ಮುದುಕಪ್ಪ ಸಲಿಕೆಯನ್ನು ತಿರುಗಿಸಿ ಹಿಡಿದ, ಹರಿತವಾದ ಅಂಚು ನನ್ನ ಕಡೆಗೆ. ಅದು ಮೇಲೆದ್ದಾಗ ಬಿಸಿಲು ಅದರ ಬಾಯಿಗೆ ಬಿದ್ದು ಹೊಳೆಯಿತು. ಮರಳು ಅಗೆಯುವವನು ನೆಲಕ್ಕೆ ಹೊಡೆಯುವಂತೆಯೇ ಹೊಡೆಯಲಿದ್ದ. ನಾನು ನೆಲವೇ ಆಗಿದ್ದೆ.

“ಬಿಡಲೇ ನಮ್ಮ ಮಾವನ್ನ!”

ಗಾಲಿ ಬದಲಿಸಿದ ಪಾನಾ ಗಾಡಿಯೊಳಗೆ ಅಂಬರೀಶನ ಕಾಲ ಬಳಿಯೇ ಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದವನು ಬೀಸಿದ. ಮುದುಕಪ್ಪನ ತಲೆಯ ಬದಿಗೆ ಬಿತ್ತು. ತೆಂಗಿನಕಾಯಿ ಎಂದು ಬರೆಯಲು ಹೋಗಿ ಅಳಿಸಿದೆ. ಕಾಯಿ ಒಡೆದಾಗ ಯಾರೂ ಅವ್ವಾ ಎನ್ನುವುದಿಲ್ಲ. ಅವನು ನನ್ನ ಪಕ್ಕದಲ್ಲೇ ಕುಸಿದ. ಉಳಿದವರು ಅಂಬರೀಶನನ್ನು ನೆಲಕ್ಕೆ ಹಾಕಿ ತುಳಿದರು, ಬಲಗೈ ಮುರಿಯುವವರೆಗೆ ತುಳಿದರು. ಕವಿತಾಳದ ಕಡೆಯಿಂದ ಬಸ್ಸೊಂದು ಬಂದು ನಿಂತಿತು. ಜನ ಇಳಿದದ್ದೇ ತಡ, ಟ್ರ್ಯಾಕ್ಟರ್ ಸಮೇತ ಅವರು ಓಡಿದರು. ಬಿದ್ದ ಮುದುಕಪ್ಪನನ್ನು ಬಿಟ್ಟೇ ಓಡಿದರು. ಎಡಗೈಯಿಂದ ತನ್ನ ಅಂಗಿ ಬಿಚ್ಚಿ ಅವನ ತಲೆಗೆ ಒತ್ತಿ ಹಿಡಿದವನು, ಅವನ ತಲೆ ಒಡೆದ ಅಂಬರೀಶನೇ. ಆಸ್ಪತ್ರೆಗೆ ನಮ್ಮ ಮೂವರನ್ನೂ ಒಂದೇ ಬಸ್ಸು ಹೊತ್ತಿತು.

ಈಗ ಮುದುಕಪ್ಪನ ದೂರಿನ ಕತೆ ಹೀಗಿದೆ: ಟ್ರ್ಯಾಕ್ಟರಿನಲ್ಲಿದ್ದದ್ದು ಗೊಬ್ಬರ. ಹಿಂದಿನಿಂದ ವೇಗವಾಗಿ ಬಂದ ಕಾರಿಗೆ ಸೈಡ್ ಕೊಡಲು ತಡವಾಯಿತು. ಆ ಸಿಟ್ಟಿಗೆ ಕಾರಿನವರು ಇಳಿದು ಪಾನಾದಿಂದ ತಲೆ ಒಡೆದರು. ಅಂಬರೀಶನ ಮೇಲೆ ಕೊಲೆ ಯತ್ನದ ಪ್ರಕರಣ ಬಿತ್ತು. ನನ್ನ ದೂರು ಸಾದಾ ಹೊಡೆದಾಟವಾಗಿ ಮೂಲೆಗೆ ಸೇರಿತು. ಜಾಮೀನಿಗೆ ಹೋದರೆ ಸರ್ಕಾರಿ ವಕೀಲರು ನಿಮ್ಮ ಎರಡು ಸಾಲನ್ನು ಓದಿದರು. ನಾಲ್ಕೂ ಚಕ್ರ ಚೆನ್ನಾಗಿದ್ದ ಗಾಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದ ಗಾಡಿ, ತೆವಳುತ್ತಿತ್ತು ಎಂದರೆ ನಂಬುವುದು ಹೇಗೆ? ಯಾರು ನಂಬುತ್ತಾರೆ ಹೇಳಿ? ನಾನೇ ನ್ಯಾಯಾಧೀಶನಾಗಿದ್ದರೂ ನಂಬುತ್ತಿರಲಿಲ್ಲ. ಜಾಮೀನು ಸಿಗಲಿಲ್ಲ. ಮುರಿದ ಕೈಗೆ ಕಟ್ಟು ಹಾಕಿಸಿಕೊಂಡೇ ಅಂಬರೀಶ ಒಳಗೆ ಹೋದ.

ಪಕ್ಕೆಗೆ ಪಟ್ಟಿ ಬಿಗಿದುಕೊಂಡೇ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನೆನಪಿರಬೇಕು, ಉಸಿರಾಡಲು ನೋವೆಂದು ನಾನು ಮೆಲ್ಲಗೆ ಮಾತಾಡಿದ್ದನ್ನು ನೀವು ವಿನಯವೆಂದು ತಿಳಿದಿರಿ.

“ಸಾಹೇಬ್ರ, ಮುಂದಿನ ಎಡಗಾಲಿ ಸಣ್ಣದು. ಅದನ್ನ ಬರದೇ ಇಲ್ಲ ನೀವು” ಎಂದೆ.

“ಸಣ್ಣದಾದ್ರೇನ್ರಿ? ಅದಕ್ಕ ಕಾಯ್ದೆದಾಗ ಅನುಮತಿ ಅದ. ಎಂಬತ್ತರ ತನಕ ಓಡಸಬೌದು ಅಂತ ಅದರ ಮ್ಯಾಲೇ ಅಂಟಿಸ್ಯಾರ. ಅಂದ್ರ ಸುಸ್ಥಿತಿ.”

“ಮತ್ತ ಡಿಕ್ಕ್ಯಾಗಿಂದು? ಅದು ಹರಿದ ಗಾಲಿ ಅಲ್ರೀ?”

“ದುಂಡಗ ಇತ್ತು, ಕರ್ರಗ ಇತ್ತು, ಸ್ಟೆಪ್ನಿ ಅಂತ ಬರದೆ. ಬಿಸಲಾಗ ಎಲ್ಲಾ ಗಾಲಿ ಹೊಳ್ಳಿಸಿ ನೋಡ್ಕೋತ ಕೂಡ್ಲೇನು?”

ದುಂಡಗಿದ್ದದ್ದೆಲ್ಲ ಗಾಲಿ, ಕರ್ರಗಿದ್ದದ್ದೆಲ್ಲ ಸ್ಟೆಪ್ನಿ! ಈ ನ್ಯಾಯದಲ್ಲಿ ಎಮ್ಮೆಯ ಸಗಣಿಯ ಬೆರಣಿಗೂ ನೀವು ಅರ್ಹತಾಪತ್ರ ಕೊಡಬಲ್ಲಿರಿ. ಇನ್ನು ಆ ಎಂಬತ್ತು. ಎಂಬತ್ತರವರೆಗೆ ಹೋಗಬಹುದು ಎಂಬ ಚೀಟಿ, ಎಂಬತ್ತರಲ್ಲಿ ಹೋಗುತ್ತಿದ್ದರು ಎಂಬುದಕ್ಕೆ ಸಾಕ್ಷಿ ಯಾವಾಗ ಆಯಿತು? ಊಟದ ಎಲೆಯಲ್ಲಿ ಹತ್ತು ಹೋಳಿಗೆ ಹಿಡಿಸುತ್ತವೆ ಎಂದರೆ ಉಂಡವನು ಹತ್ತೂ ತಿಂದನೆಂದು ಬರೆಯುತ್ತೀರಾ? ಬನ್ನಿ, ಆ ಬಡಕಲು ಗಾಲಿಯನ್ನು ನಿಮ್ಮ ಇಲಾಖೆಯ ಜೀಪಿಗಲ್ಲ, ನಿಮ್ಮ ಸ್ವಂತ ಕಾರಿನ ಮುಂದಕ್ಕೆ ಹಾಕೋಣ. ನೀವೇ ಓಡಿಸಿ. ದೇವದುರ್ಗದಿಂದ ಕವಿತಾಳದವರೆಗೆ ಎಂಬತ್ತರಲ್ಲಿ ಹೋಗಿ ತೋರಿಸಿದರೆ ನಾನು ಅಚ್ಚಿನ ಮೊಳೆಗಳನ್ನೆಲ್ಲ ನಿಮ್ಮ ಪಾದದ ಮೇಲೆ ಸುರಿದು ಈ ಪತ್ರ ವಾಪಸ್ ಪಡೆಯುತ್ತೇನೆ. ಬೆನ್ನುಮೂಳೆ ಸಡಿಲಾದರೆ ಮಾತ್ರ ನನ್ನನ್ನು ಕೇಳಬೇಡಿ. ಅದು ನಿಮ್ಮಲ್ಲಿ ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ನನ್ನ ಬಳಿ ಪುರಾವೆ ಇಲ್ಲ.

ಆ ಗಾಲಿಯನ್ನು ಮೊಣಕಾಲೂರದೆ ಕಂಡವನು ಇನ್ನೊಬ್ಬನಿದ್ದಾನೆ. ರಾಯಚೂರಿನ ಆಸ್ಪತ್ರೆಯವರು ಏನು ತಿಳಿದು ಮಾಡಿದರೋ, ನನಗೂ ಮುದುಕಪ್ಪನಿಗೂ ಅಕ್ಕಪಕ್ಕದ ಮಂಚ ಕೊಟ್ಟಿದ್ದರು. ಒಂದು ಬೆಳಿಗ್ಗೆ ಅವನ ತಲೆಯ ಪಟ್ಟಿಯೊಳಗಿಂದ ದನಿ ಬಂತು.

“ಅಣ್ಣಾ, ಎಚ್ಚರ ಅದೀಯೇನು?”

“ನಿನ್ನ ಸಲಿಕಿ ದಯಾದಿಂದ ಅದೀನಿ.”

“ನಾ ಬಿದ್ದಾಗ ಆ ಗಾಲಿ ಕಣ್ಣೆದುರಿಗೇ ಇತ್ತು. ಖರೇನ ಸಣ್ಣದದಲ್ಲೋ.”

“ಹೇಳಿದ್ನಲ್ಲ ನಾ! ಎಡಕ್ಕ ಬಂದು ನೋಡು ಅಂದಿದ್ನಲ್ಲ!”

“ಅಂದಿದ್ದಿ. ನಂಬಿಕಿ ಬರಲಿಲ್ಲ. ಮದ್ಲ ನೋಡಿದ್ರ ಸಲಿಕಿ ಎತ್ತತಿದ್ದಿಲ್ಲ.”

“ಹಂಗಾರ ಅದನ್ನ ಪೊಲೀಸರ ಮುಂದ ಹೇಳು.”

ಅವನು ಪಟ್ಟಿ ಕಟ್ಟಿದ ತಲೆಯನ್ನು ನನ್ನ ಕಡೆ ಹೊರಳಿಸಿದ. “ಹೆಂಗ ಹೇಳಲಣ್ಣಾ? ಗೊಬ್ಬರ ಅಂತ ಬರಸೀನಿ. ಗೊಬ್ಬರದ ಹಿಂದ ಕಾರ್ ಬಂದ್ರ ನನಗೇನು? ನೀವು ಮೆಲ್ಲಕ ಬಂದ್ರಿ ಅಂದ ಕೂಡ್ಲೆ, ನಿನಗ್ಯಾಕ ಅಂಜಿಕಿ ಆತು ಅಂತ ಕೇಳ್ತಾರ. ಆಮ್ಯಾಲ ಮರಳು ಹೊರಗ ಬೀಳ್ತದ. ಮರಳಿನ ಧಣಿ ನನ್ನ ಉಳಸ್ತಾನೇನು?”

“ನನ್ನ ಹೆಂಡ್ತಿ ತಮ್ಮ ಜೈಲಿನಾಗ ಅದಾನಲೇ!” ಎಂದು ನಾನು ಪಕ್ಕೆಯ ನೋವು ಮರೆತು ಎದ್ದೆ. ಅವನ ಕತ್ತಿಗೆ ಕೈ ಹಾಕಿದೆ. ಹಾಕಿದ್ದು ನಿಜ, ಬೇಕಾದರೆ ಇದನ್ನೂ ವರದಿ ಮಾಡಿ. ನರ್ಸ್ ಗುಲ್ನಾಜ್ ಓಡಿಬಂದು, “ಇನ್ನೊಮ್ಮೆ ಕೈ ಎತ್ತಿದ್ರ ಇಬ್ರಿಗೂ ದಪ್ಪ ಸೂಜಿ ಹಾಕ್ತೀನಿ ನೋಡ್ರಿ” ಎಂದು ನನ್ನ ಮಂಚವನ್ನು ಗೋಡೆಯ ಕಡೆಗೆ ಎಳೆದಳು.

ಈಗ ಪರಿಸ್ಥಿತಿ ನೋಡಿ. ನಮ್ಮಿಬ್ಬರನ್ನು ಬಿಟ್ಟರೆ, ಪ್ರಕರಣದ ಕಾಗದದಲ್ಲಿ ಹೆಸರಿರುವವರ ಪೈಕಿ ಆ ಗಾಲಿ ಸಣ್ಣದೆಂದು ಬಲ್ಲವರು ಇಬ್ಬರು. ಒಬ್ಬ ಕಳ್ಳ, ಹೇಳಿದರೆ ಸಿಕ್ಕಿಬೀಳುತ್ತಾನೆ. ಇನ್ನೊಬ್ಬರು ನೀವು. ನಿಮಗೇನು ಅಡ್ಡಿ? ನಿಮ್ಮ ಟ್ರಾಲಿಯಲ್ಲೇನಿದೆ? ಆ ಗಾಡಿಗೆ ಸೈಡ್ ಬೇಕಾಗಿರಲಿಲ್ಲ, ಕೊಟ್ಟಿದ್ದರೂ ಅದು ದಾಟುತ್ತಿರಲಿಲ್ಲ ಎಂಬುದು ನಿಮ್ಮ ಒಂದು ಸಾಲಿನಿಂದ ಗೊತ್ತಾಗುತ್ತದೆ. ಮರಳಿನವರ ಕತೆಯೆಲ್ಲ ಅಲ್ಲಿಗೆ ಪಂಕ್ಚರ್. ಬರೆದದ್ದನ್ನು ತಿದ್ದಿದರೆ ಮರ್ಯಾದೆ ಹೋಗುತ್ತದೆಯೇ? ನಾನು ವಧುವಿನ ಅಪ್ಪನ ಹೆಸರು ತಪ್ಪಿದರೆ ಇಡೀ ಗಂಟು ಮತ್ತೆ ಅಚ್ಚು ಹಾಕಿ, ಮನೆ ಬಾಗಿಲಿಗೆ ಹೋಗಿ ಕೈ ಮುಗಿದು ಬರುತ್ತೇನೆ. ನನ್ನ ತಪ್ಪಿಗೆ ಯಾರೂ ಜೈಲಿಗೆ ಹೋಗುವುದಿಲ್ಲ, ಆದರೂ.

ಹೋದ ವಾರ ಸುನಂದಾ ಮತ್ತು ನಾನು ಜೈಲಿಗೆ ಹೋಗಿದ್ದೆವು. ಅಂಬರೀಶನ ಕೈ ಸೊಟ್ಟಗೆ ಕೂಡಿದೆ, ಬೆರಳು ಮುಷ್ಟಿ ಆಗುವುದಿಲ್ಲ. ಸುನಂದಾ ಜಾಲರಿ ಹಿಡಿದು ಅಳುತ್ತ, “ತಮ್ಮಾ, ಹೊಡದೇ ಇಲ್ಲ ಅಂತ ಹೇಳಿಬಿಡೋ. ಅವ ತಾನ ಬಿದ್ದ ಅಂತ ಹೇಳು. ವಕೀಲ್ರು ಹಂಗ ಮಾಡಬೌದು ಅಂದಾರ” ಎಂದಳು.

“ಯಕ್ಕಾ, ಹೊಡದೀನಿ. ಅವನ ನೆತ್ತರ ನನ್ನ ಅಂಗಿಗೆ ಅದ. ಹೊಡದಿಲ್ಲ ಅಂತ ನಾ ಹೆಂಗ ಹೇಳ್ಲಿ?” ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿದ. “ಮಾವ, ಆ ಸಾಹೇಬ್ರಿಗೆ ಹೇಳು. ನನ್ನ ಸಲುವಾಗಿ ಸುಳ್ಳು ಬರೀಬ್ಯಾಡ್ರಿ, ಬರೇ ಬಗ್ಗಿ ನೋಡ್ರಿ ಅಂತ.”

ಹೇಳಿದ್ದೇನೆ. ಮುಂದಿನ ಸೋಮವಾರ ಜಾಮೀನಿನ ಅರ್ಜಿ ಮತ್ತೆ ನ್ಯಾಯಾಲಯದ ಮುಂದೆ ಬರುತ್ತದೆ. ಅದರೊಳಗೆ ಠಾಣೆಗೆ ಹೋಗಿ, ಟೇಪು ಹಿಡಿದು, ಮುಂದಿನ ಎಡಗಾಲಿಯನ್ನು ಅಳೆಯಿರಿ. ಡಿಕ್ಕಿಯ ಗಾಲಿಯನ್ನು ಹೊರಳಿಸಿ ಸೀಳು ನೋಡಿ. ಕಂಡದ್ದನ್ನು ಬರೆದು ನ್ಯಾಯಾಲಯಕ್ಕೆ ಕಳಿಸಿ. ದಯೆ ಕೇಳುತ್ತಿಲ್ಲ, ಅನುಕಂಪ ಕೇಳುತ್ತಿಲ್ಲ. ಒಬ್ಬ ಮನುಷ್ಯನ ತಲೆ ಒಡೆದವನು, ಒಡೆದೆ ಎಂದು ಜೈಲಿನೊಳಗಿಂದ ಒಪ್ಪಿಕೊಂಡಿದ್ದಾನೆ. ಸರಿಯಾಗಿ ನೋಡದೆ ಬರೆದವರು ನೀವು, ಹೊರಗಿದ್ದೀರಿ. ನೀವೂ ಒಪ್ಪಿಕೊಳ್ಳಿ.

ಇಂತಿ,
ಹಲ್ಲು ಹೋಗಿ, ಪಕ್ಕೆ ಮುರಿದು, ಪ್ರಾಸ ಮಾತ್ರ ಉಳಿದವನು,
ವಿರೂಪಣ್ಣ
ಲಗ್ನಪತ್ರಿಕೆ ಮುದ್ರಕ, ಮಾನ್ವಿ